ಎಡ ಮುಂಗೈಯ ತಾರೀಖು

ಅವರ ಎಡ ಮುಂಗೈಯ ಒಳಭಾಗದಲ್ಲಿ, ವಾಚಿನ ಪಟ್ಟಿಗಿಂತ ಸ್ವಲ್ಪ ಮೇಲೆ, ಪ್ರತಿದಿನ ನೇರಳೆ ಬಣ್ಣದ ಒಂದು ತಾರೀಖು ಇರುತ್ತಿತ್ತು. ಬೆಳಿಗ್ಗೆ ಲೈಬ್ರರಿಯ ಬೀಗ ತೆಗೆದು, ಕಿಟಕಿಗಳನ್ನು ತೆರೆದು, ಸೀಲಿನ ರಬ್ಬರ್ ಪಟ್ಟಿಗಳನ್ನು ಒಂದು ದಿನ ಮುಂದಕ್ಕೆ ತಿರುಗಿಸಿದ ಮೇಲೆ ಅದನ್ನು ಅವರು ಮೊದಲು ಒತ್ತಿ ನೋಡುತ್ತಿದ್ದದ್ದು ತಮ್ಮ ಚರ್ಮದ ಮೇಲೆ. ರದ್ದಿ ಕಾಗದದ ಮೇಲೆ ಒತ್ತಿ ನೋಡಬಹುದಲ್ಲ ಎಂದು ಯಾರೋ ಕೇಳಿದ್ದಕ್ಕೆ, ಕಾಗದ ಎಲ್ಲಾದರೂ ಬಿದ್ದುಹೋಗುತ್ತದೆ, ಕೈ ಹೋಗುವುದಿಲ್ಲ ಎಂದಿದ್ದರಂತೆ. ಸಂಜೆಯ ಹೊತ್ತಿಗೆ ಅಂಕಿಗಳು ಮಾಸಿ, ಹಳೆಯ ಗಾಯದ ಕಲೆಯ ಹಾಗೆ ಕಾಣುತ್ತಿದ್ದವು. ಮರುದಿನ ಅದೇ ಜಾಗದಲ್ಲಿ ಹೊಸ ತಾರೀಖು.

ನಾವು ಅವರನ್ನು ಲೈಬ್ರರಿ ಸರ್ ಎಂದು ಕರೆಯುತ್ತಿದ್ದೆವು. ಮೂಡಿಗೆರೆಯ ನಮ್ಮ ಕಾಲೇಜಿನಲ್ಲಿ ಪಾಠ ಮಾಡದ ಸರ್ ಅವರೊಬ್ಬರೇ. ನಾನು ಬಾಳೂರಿನ ಕಡೆಯವಳು. ಅಪ್ಪ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಕಳಸದಿಂದ ಬರುವ ಬೆಳಗಿನ ಬಸ್ಸು ನನ್ನನ್ನು ತರಗತಿ ಶುರುವಾಗುವುದಕ್ಕೆ ಒಂದು ಗಂಟೆ ಮೊದಲೇ ಊರಿಗೆ ತಂದು ಬಿಡುತ್ತಿತ್ತು. ಗೆಳತಿಯರೊಡನೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹರಟುವ ಸ್ವಭಾವ ನನ್ನದಲ್ಲ. ಹಾಗಾಗಿ ಲೈಬ್ರರಿಗೆ ಹೋಗಿ ಮೂಲೆಯ ಬೆಂಚಿನಲ್ಲಿ ಕೂರುತ್ತಿದ್ದೆ. ಮೊದಲ ಆರು ತಿಂಗಳು ಅವರು ನನ್ನನ್ನು ಏನೂ ಕೇಳಲಿಲ್ಲ. ಆಮೇಲೊಂದು ದಿನ ಒಂದು ಕಟ್ಟು ಕ್ಯಾಟಲಾಗ್ ಕಾರ್ಡುಗಳನ್ನು ನನ್ನ ಮುಂದಿಟ್ಟು, "ನಿನ್ನ ಅಕ್ಷರ ಚೆನ್ನಾಗಿದೆಯಮ್ಮ. ಇವನ್ನು ಬರೆದು ಕೊಡ್ತೀಯಾ?" ಎಂದರು. ನನ್ನ ಅಕ್ಷರವನ್ನು ಅವರು ಯಾವಾಗ ನೋಡಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಸೀಲು ಹೊಡೆಯುವುದು ಅವರಿಗೆ ಒಂದು ವ್ರತವಾಗಿತ್ತು. ಪುಸ್ತಕ, ಪತ್ರಿಕೆಗಳಿಗೆ ಸರಿ. ಆದರೆ ಗೊಬ್ಬರದಂಗಡಿಯವರು ತಂದುಕೊಟ್ಟ ಕ್ಯಾಲೆಂಡರು, ಬೆಳೆಗಾರರ ಸಭೆಯ ಕರಪತ್ರ, ಬೀಜದ ಬೆಲೆಪಟ್ಟಿ, ನಾಟಕದ ಹ್ಯಾಂಡ್‌ಬಿಲ್ಲು, ಯಾವುದು ಬಾಗಿಲು ದಾಟಿ ಬಂದರೂ ಅದರ ಬೆನ್ನಿಗೆ ಬಂದ ತಾರೀಖು ಬೀಳುತ್ತಿತ್ತು. ಉಳಿಸಿಕೊಳ್ಳಬೇಕು ಅನ್ನಿಸಿದ್ದಕ್ಕೆ ದಾಖಲೆ ಪುಸ್ತಕದಲ್ಲಿ ಒಂದು ನಂಬರೂ ಸಿಗುತ್ತಿತ್ತು. ಭೌತಶಾಸ್ತ್ರದ ಮೇಷ್ಟ್ರಿಗೆ ಇದೊಂದು ಮುಗಿಯದ ತಮಾಷೆ. ಸ್ಟಾಫ್ ರೂಮಿನಲ್ಲಿ ಲೈಬ್ರರಿ ಸರ್ ಬಂದ ಕೂಡಲೇ ತಮ್ಮ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು, "ಕೆಳಗಿಟ್ರೆ ಇದಕ್ಕೂ ಹೊಡೀತಾರೆ ಮಾರಾಯ" ಎನ್ನುತ್ತಿದ್ದರಂತೆ. ಸರ್ ನಗುತ್ತಿದ್ದರು. ನನಗೊಮ್ಮೆ ಹೇಳಿದ್ದರು: "ಯಾವತ್ತು ಬಂತು ಅಂತ ಗೊತ್ತಿಲ್ಲದ ಕಾಗದಕ್ಕೆ ಬಾಯಿ ಇರೋದಿಲ್ಲಮ್ಮ. ಯಾರು ಏನು ಹೇಳಿದ್ರೂ ಸುಮ್ಮನೆ ಕೇಳಿಸ್ಕೊಳ್ಳಬೇಕು."

ದಾಖಲೆ ಪುಸ್ತಕದಲ್ಲಿ ತಪ್ಪಾದರೆ ಏನು ಮಾಡಬೇಕು ಎಂಬುದನ್ನು ಅವರು ನನಗೆ ಕಾರ್ಡು ಬರೆಯತೊಡಗಿದ ಮೊದಲ ವಾರದಲ್ಲೇ ಕಲಿಸಿದರು. ಅಳಿಸಬಾರದು, ಕೆರೆಯಬಾರದು, ಮೇಲೆ ಬಿಳಿ ಕಾಗದ ಅಂಟಿಸಬಾರದು. ಸ್ಕೇಲ್ ಇಟ್ಟು ಕೆಂಪು ಶಾಯಿಯಲ್ಲಿ ಒಂದೇ ಗೆರೆ, ತಪ್ಪು ಓದಲು ಸಿಗುವ ಹಾಗೆ. ಅದರ ಮೇಲೆ ಸರಿಯಾದದ್ದು. ಪಕ್ಕದಲ್ಲಿ ಸಹಿ, ತಾರೀಖು.

ತೊಂಬತ್ತರ ದಶಕದ ಕೊನೆಯಲ್ಲಿ ಕಾಲೇಜಿಗೆ ಒಂದು ಕಂಪ್ಯೂಟರ್ ಬಂತು. ಅದು ಒಂದು ವರ್ಷ ಪ್ರಿನ್ಸಿಪಾಲರ ಕೋಣೆಯಲ್ಲಿ ಹೂವಿನ ಬಟ್ಟೆ ಹೊದ್ದು ಕೂತಿತ್ತು. ಆಯುಧಪೂಜೆಗೆ ಅದಕ್ಕೆ ಕುಂಕುಮ ಇಟ್ಟಿದ್ದು ಬಿಟ್ಟರೆ ಯಾರೂ ಅದನ್ನು ಮುಟ್ಟಿದ್ದು ನಾನು ಕಾಣೆ. ಲೈಬ್ರರಿ ಸರ್ ಅದನ್ನು ಕೇಳಿ ಕೇಳಿ ತಮ್ಮಲ್ಲಿಗೆ ತರಿಸಿಕೊಂಡರು. ಆಗ ಅವರಿಗೆ ಐವತ್ತು ಹತ್ತಿರವಾಗಿತ್ತು. ಕೀಲಿಮಣೆ ಅಭ್ಯಾಸವಾಗಲೆಂದು ಎದುರು ರಸ್ತೆಯ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿ, ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿಯರ ಸಾಲಿನಲ್ಲಿ ಕೂತು ಮೂರು ತಿಂಗಳು ಟಕಟಕ ಕುಟ್ಟಿದರು. ನಮ್ಮ ಕಡೆ ಜೂನ್ ಬಂತೆಂದರೆ ಚಪ್ಪಲಿಗೆ, ಬೆಲ್ಟಿಗೆ, ಪುಸ್ತಕದ ಬೆನ್ನಿಗೆ ಬೂಸ್ಟು ಹತ್ತುತ್ತದೆ. ಕಂಪ್ಯೂಟರಿಗೂ ಹತ್ತಬಾರದೆಂದು ಬಡಗಿಯಿಂದ ಒಂದು ಪೆಟ್ಟಿಗೆ ಮಾಡಿಸಿ, ಅದರೊಳಗೆ ನಲವತ್ತು ವ್ಯಾಟಿನ ಬಲ್ಬು ಉರಿಸಿಟ್ಟರು. ಪುಸ್ತಕಗಳ ಪಟ್ಟಿಯನ್ನು ತುಂಬಿಸಿದ ಫ್ಲಾಪಿಗಳು ಅಕ್ಕಿ ಹಾಕಿದ ಟಿಫಿನ್ ಡಬ್ಬಿಯಲ್ಲಿ ಪ್ರತಿ ಶನಿವಾರ ಅವರ ಮನೆಗೆ ಹೋಗಿ ಸೋಮವಾರ ಬರುತ್ತಿದ್ದವು. ಮಧ್ಯಾಹ್ನದ ಹೊತ್ತು ನಾನು ಕಾರ್ಡು ಓದುವುದು, ಅವರು ಟೈಪ್ ಮಾಡುವುದು. ಕರಪತ್ರ, ಬೆಲೆಪಟ್ಟಿಗಳನ್ನೂ ಬಿಡಲಿಲ್ಲ. ಅವನ್ನೆಲ್ಲ ಯಾಕೆ ಎಂದು ನಾನು ಕೇಳಿದಾಗ, ಹುಡುಕುವವರು ಏನು ಹುಡುಕುತ್ತಾರೆ ಅಂತ ನಾವು ಮೊದಲೇ ತೀರ್ಮಾನ ಮಾಡಬಾರದು ಎಂದರು.

ಅವರ ಲೈಬ್ರರಿಗೆ ಊರಿನವರೂ ಬರಬಹುದಿತ್ತು. ನಿಯಮದಲ್ಲಿ ಇತ್ತೋ ಇಲ್ಲವೋ, ಬಾಗಿಲ ಬಳಿ ಒಂದು ಪುಸ್ತಕ ಇಟ್ಟಿದ್ದರು. ಬಂದವರು ಹೆಸರು, ಊರು, ಏತಕ್ಕೆ ಬಂದದ್ದು ಎಂದು ಬರೆದು ಸಹಿ ಮಾಡಿದರೆ ಸಾಕು, ಎಷ್ಟು ಹೊತ್ತು ಬೇಕಾದರೂ ಕೂತು ಓದಬಹುದು. ಹಾಗೆ ಬಂದವರಲ್ಲಿ ಕೊಟ್ಟಿಗೆಹಾರದ ರಸ್ತೆಯ ಜೀಪ್ ಗ್ಯಾರೇಜಿನ ಸಾಹೇಬರು ಒಬ್ಬರು. ಸರ್ ಅವರ ಸ್ಕೂಟರು ರಿಪೇರಿಗೆ ಹೋಗುತ್ತಿದ್ದದ್ದು ಅಲ್ಲಿಗೇ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ಅವರು ಒಂದು ದಿನ ಬಂದು, ಸ್ಪ್ರಿಂಗಿನ ಬಗ್ಗೆ ಪುಸ್ತಕ ಇದೆಯೇ ಎಂದು ಕೇಳಿದರು. ಇತ್ತು, ಆದರೆ ಇಂಗ್ಲಿಷಿನಲ್ಲಿ. ಸರ್ ಮೂಲೆಯ ಬೆಂಚಿನ ಕಡೆ ನೋಡಿದರು. ನಾನು ಎರಡನೇ ವರ್ಷದ ಬಿ.ಎಸ್ಸಿ. ಓದುತ್ತಿದ್ದೆ. ಅಂದಿನಿಂದ ವಾರಕ್ಕೆರಡು ದಿನ ಆ ಪುಸ್ತಕದ ಪುಟಗಳನ್ನು ಕನ್ನಡದಲ್ಲಿ ಸಾಹೇಬರಿಗೆ ಹೇಳುವ ಕೆಲಸ ನನ್ನದಾಯಿತು.

ಅವರಿಗೆ ಸ್ಪ್ರಿಂಗು ಬೇಕಾಗಿದ್ದದ್ದು ಜೀಪಿಗಲ್ಲ. ಕಾಳುಮೆಣಸು ಕೊಯ್ದ ಮೇಲೆ ಗೊಂಚಲಿನಿಂದ ಕಾಳು ಬಿಡಿಸಲು ಆಗ ನಮ್ಮ ಕಡೆ ಕಾಲಲ್ಲೇ ತುಳಿಯುತ್ತಿದ್ದರು. ದಿನವಿಡೀ ತುಳಿದವರ ಅಂಗಾಲು ಬೆಂಕಿ ಮೆಟ್ಟಿದ ಹಾಗೆ ಉರಿಯುತ್ತದೆ. ಸಾಹೇಬರ ತಾಯಿ ಇಪ್ಪತ್ತು ವರ್ಷ ಬೇರೆಯವರ ಕಣದಲ್ಲಿ ಮೆಣಸು ತುಳಿದವರು. ಸಂಜೆ ಮನೆಗೆ ಬಂದು ಮಜ್ಜಿಗೆಯ ಬೋಗುಣಿಯಲ್ಲಿ ಕಾಲಿಟ್ಟು ಕೂರುತ್ತಿದ್ದರಂತೆ. ಅದಕ್ಕೇ ಸಾಹೇಬರು ಗ್ಯಾರೇಜಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಒಂದು ಯಂತ್ರ ಮಾಡಿದ್ದರು. ಹಳೆ ಟಯರಿನ ಪಟ್ಟಿಗಳನ್ನು ಸುತ್ತಿದ ಉರುಳೆ, ಅದಕ್ಕೆ ಎದುರಾಗಿ ಒಂದು ಓರೆ ತಗಡು. ಅಂಥ ಯಂತ್ರಗಳು ಆಗಲೇ ಒಂದೆರಡು ಬಂದಿದ್ದವು, ಆದರೆ ಅವು ದಪ್ಪ ಗೊಂಚಲು ಬಂದರೆ ಕಾಳನ್ನೇ ಜಜ್ಜಿಬಿಡುತ್ತಿದ್ದವು, ಸಣ್ಣದು ಬಂದರೆ ಹಾಗೇ ಬಿಟ್ಟುಬಿಡುತ್ತಿದ್ದವು. ಸಾಹೇಬರು ಆ ತಗಡಿನ ಹಿಂದೆ ಸ್ಕೂಟರಿನ ಎರಡು ಸ್ಪ್ರಿಂಗು ಕೂರಿಸಿದ್ದರು. ಗೊಂಚಲು ದಪ್ಪವಿದ್ದರೆ ತಗಡು ತಾನೇ ಹಿಂದೆ ಸರಿಯುತ್ತಿತ್ತು, ಸಣ್ಣದಾದರೆ ತಾನೇ ಮುಂದೆ ಬರುತ್ತಿತ್ತು. ಅಷ್ಟೇ. ಅಷ್ಟು ಸರಳವಾದದ್ದು ಯಾರಿಗೂ ಹೊಳೆದಿರಲಿಲ್ಲ. ಪೂರ್ತಿ ಸರಿಯಾಗುವವರೆಗೆ ಯಾರಿಗೂ ತೋರಿಸುವುದಿಲ್ಲವೆಂದು ಅದರ ಮೇಲೆ ಗೋಣಿಚೀಲ ಮುಚ್ಚಿಟ್ಟಿದ್ದರು. ನೋಡಿದವರು ಸರ್ ಮತ್ತು ನಾನು ಮಾತ್ರ.

ಆ ಕಾಲದಲ್ಲೇ ಪತ್ರಿಕೆಗಳಲ್ಲಿ ಅರಿಶಿನದ ಪೇಟೆಂಟಿನ ಸುದ್ದಿ ಬಂದಿತ್ತು. ಗಾಯಕ್ಕೆ ಅರಿಶಿನ ಹಚ್ಚುವುದನ್ನು ಅಮೆರಿಕದಲ್ಲಿ ಯಾರೋ ತಮ್ಮ ಶೋಧನೆಯೆಂದು ಬರೆಸಿಕೊಂಡಿದ್ದರು, ನಮ್ಮವರು ಹಳೆಯ ಪುಸ್ತಕಗಳನ್ನು ಮುಂದಿಟ್ಟು ಅದನ್ನು ರದ್ದು ಮಾಡಿಸಿದ್ದರು. ಸರ್ ಆ ತುಣುಕುಗಳನ್ನು ಕತ್ತರಿಸಿ, ಸೀಲು ಹೊಡೆದು, ಫೈಲು ಮಾಡಿಟ್ಟು, ಬಂದ ಮಕ್ಕಳಿಗೆಲ್ಲ ಆ ಕಥೆ ಹೇಳಿದ್ದೇ ಹೇಳಿದ್ದು. ಲೈಬ್ರರಿಯ ಪುಸ್ತಕವೊಂದು ಒಂದು ದೇಶವನ್ನು ಸೋಲಿಸಿತು ಎಂಬಂತೆ ಅವರ ಮುಖ ಅರಳುತ್ತಿತ್ತು. ಯಂತ್ರವನ್ನು ನೋಡಿದ ದಿನವೇ ಅವರು ಸಾಹೇಬರಿಗೆ, ಇದಕ್ಕೆ ಪೇಟೆಂಟ್ ತೆಗೆದುಕೊಳ್ಳಬಹುದು ಎಂದರು.

"ಅದೆಂತದು ಸಾರ್? ಆರ್.ಸಿ. ಬುಕ್ಕಿನ ಹಾಗಾ?"

"ಹಾಗೇ ಮಾರಾಯ. ಗಾಡಿಗಲ್ಲ, ನಿನ್ನ ಯೋಚನೆಗೆ ಆರ್.ಸಿ. ಬುಕ್ಕು."

ಸಾಹೇಬರಿಗೆ ಆ ಮಾತು ಬಹಳ ಹಿಡಿಸಿತು. ಪೇಟೆಂಟ್ ಬಂದರೆ ಬ್ಯಾಂಕಿನವರು ಮಾತಾಡಿಸುತ್ತಾರೆ, ತಗಡಿನ ಶೆಡ್ಡಿನ ಬದಲು ಸರಿಯಾದ ವರ್ಕ್‌ಶಾಪ್ ಹಾಕಬಹುದು, ಯಂತ್ರದ ಮೇಲೆ ತಾಯಿಯ ಹೆಸರು ಬರೆಸಬಹುದು ಎಂದು ಅವರು ಕನಸು ಕಟ್ಟಿದರು. ಸರ್ ಚೆನ್ನೈಯ ಪೇಟೆಂಟ್ ಕಚೇರಿಗೆ ಕಾಗದ ಬರೆದು, ಅರ್ಜಿಯ ನಮೂನೆ ಮತ್ತು ನಿಯಮಗಳ ಪುಸ್ತಿಕೆ ಕಳಿಸಬೇಕೆಂದು ಕೇಳಿದರು.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಲೈಬ್ರರಿಯೊಳಗೆ ಗಾಜಿನ ಚೌಕಟ್ಟಿನಲ್ಲಿ ನಮ್ಮ ಭಿತ್ತಿಪತ್ರಿಕೆ ಇರುತ್ತಿತ್ತು. ವಿದ್ಯಾರ್ಥಿಗಳು ಕೈಯಲ್ಲಿ ಬರೆದು ಅಂಟಿಸುವ ದೊಡ್ಡ ಹಾಳೆ. ನಾನು ಅದಕ್ಕೆ ಯಾವತ್ತೂ ಬರೆದಿರಲಿಲ್ಲ. ಆ ಯಂತ್ರದ ಬಗ್ಗೆ ಬರೆದೆ. ಯಂತ್ರ ಸರಿಯಾಗುತ್ತಾ ಬಂದಿತ್ತು, ಸಾಹೇಬರನ್ನು ಕೇಳಿದಾಗ, "ಬರಿ ಮಗಾ, ನಾಲ್ಕು ಜನ ಓದ್ಲಿ" ಎಂದಿದ್ದರು. ಶೆಡ್ಡಿನಲ್ಲಿ ಕೂತು ಅಳತೆಪಟ್ಟಿ ಹಿಡಿದು ಪ್ರತಿ ಭಾಗವನ್ನೂ ಅಳೆದು, ಅಪ್ಪನ ಡ್ರಾಯಿಂಗ್ ಪೆನ್ನಿನಲ್ಲಿ ಚಿತ್ರ ಬಿಡಿಸಿ, ಸ್ಪ್ರಿಂಗು ಎಲ್ಲಿ ಕೂರುತ್ತದೆ, ತಗಡು ಹೇಗೆ ಸರಿಯುತ್ತದೆ ಎಂದು ಬಾಣದ ಗುರುತು ಹಾಕಿ ವಿವರಿಸಿದ್ದೆ. ಹಾಳೆಯನ್ನು ಸರ್ ಬಹಳ ಹೊತ್ತು ನೋಡಿದರು. ಚೆನ್ನಾಗಿದೆ ಎಂದರು. ಆಮೇಲೆ, "ಚೆನ್ನೈಯಿಂದ ಪುಸ್ತಕ ಬರಲಿ, ಅರ್ಜಿ ಹೋಗಲಿ. ಆಮೇಲೆ ಅಂಟಿಸೋಣ" ಎಂದರು. ಯಾಕೆ ಎಂದರೆ ಅವರಲ್ಲೂ ಸ್ಪಷ್ಟ ಕಾರಣವಿರಲಿಲ್ಲ. ಏನೋ ಒಂದು ಅನುಮಾನ.

ಸೋಮವಾರ ಕಾಲೇಜಿನ ತಪಾಸಣೆಗೆ ಹೊರಗಿನಿಂದ ಪ್ರಾಧ್ಯಾಪಕರ ತಂಡ ಬರುವುದಿತ್ತು. ಅವತ್ತು ನನ್ನ ಹಾಳೆ ಅಲ್ಲಿರಬೇಕೆಂದು ನನಗೆ ಆಸೆ. ಅದನ್ನು ಆಸೆಯೆಂದು ಒಪ್ಪಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. ಶುಕ್ರವಾರ ಕೇಳಿದೆ, ಶನಿವಾರ ಮತ್ತೆ ಕೇಳಿದೆ. ಎರಡು ವರ್ಷದಲ್ಲಿ ಅವರಲ್ಲಿ ನಾನು ಏನನ್ನೂ ಕೇಳಿದವಳಲ್ಲ. ಅವರು ನನ್ನ ಮುಖ ನೋಡಿ, ಎದ್ದು, ಗಾಜಿನ ಚೌಕಟ್ಟಿನ ಬೀಗ ತೆಗೆದರು. ಹಾಳೆಯ ಕೆಳಮೂಲೆಯಲ್ಲಿ ಸೀಲು ಹೊಡೆದರು. ದಾಖಲೆ ಪುಸ್ತಕದಲ್ಲಿ ನಂಬರು ಹಾಕಿದರು. ಕಂಪ್ಯೂಟರಿಗೂ ಅವತ್ತೇ ಏರಿಸಿದರು. ವರ್ಷವೆಲ್ಲ ಅರಿಶಿನದ ಕಥೆ ಹೇಳಿದವರಿಗೂ, ಕೇಳಿದವಳಿಗೂ, ಅದೇ ಕಾನೂನು ನಮ್ಮ ಗೋಡೆಗೂ ಇದೆಯೆಂದು ಹೊಳೆಯಲಿಲ್ಲ.

ಹನ್ನೊಂದನೆಯ ದಿನ ಚೆನ್ನೈಯಿಂದ ಪುಸ್ತಿಕೆ ಬಂತು. ಸರ್ ಅದಕ್ಕೆ ಸೀಲು ಹೊಡೆದು ಓದಲು ಕೂತರು. ನಾನು ಕಾರ್ಡು ಜೋಡಿಸುತ್ತಿದ್ದೆ. ಪುಟ ತಿರುಗಿಸುವ ಸದ್ದು ನಿಂತು ಬಹಳ ಹೊತ್ತಾಯಿತು ಅನ್ನಿಸಿ ತಲೆಯೆತ್ತಿದೆ. ಅವರು ಗೋಡೆಯ ಕಡೆ ನೋಡುತ್ತಿದ್ದರು. ಪುಸ್ತಿಕೆಯನ್ನು ನನ್ನ ಮುಂದೆ ತಂದಿಟ್ಟು ಒಂದು ಸಾಲಿನ ಕೆಳಗೆ ಬೆರಳಿಟ್ಟರು. ಅರ್ಜಿ ಹಾಕುವ ಮೊದಲೇ ಶೋಧನೆಯ ವಿವರ ಎಲ್ಲಾದರೂ ಪ್ರಕಟವಾಗಿದ್ದರೆ ಅದಕ್ಕೆ ಪೇಟೆಂಟ್ ಸಿಗುವುದಿಲ್ಲ.

ನನಗೆ ಮೊದಲು ಬಂದ ಮಾತು, ಹರಿದುಹಾಕೋಣ ಸರ್ ಎಂಬುದು. ಕೈಯಲ್ಲಿ ಬರೆದ ಒಂದು ಹಾಳೆ. ಇವತ್ತು ತೆಗೆದು ಒಲೆಗೆ ಹಾಕಿದರೆ ಚೆನ್ನೈಯಲ್ಲಿ ಯಾರಿಗೆ ತಿಳಿಯುತ್ತದೆ? ಅವರು ಬಾಗಿಲ ಬಳಿಯ ಪುಸ್ತಕ ತಂದು ಲೆಕ್ಕ ಹಾಕಿದರು. ಹಾಳೆ ಅಂಟಿಸಿದ ಮೇಲೆ ಹೊರಗಿನವರು ಹದಿನಾಲ್ಕು ಜನ ಬಂದು ಹೋಗಿದ್ದರು. ಅದರಲ್ಲಿ ಮಲ್ಲಂದೂರಿನ ಒಬ್ಬ ಬೆಳೆಗಾರರು, ಏತಕ್ಕೆ ಬಂದದ್ದು ಎಂಬ ಕಡೆ, 'ಮೆಣಸಿನ ಮಷೀನಿನ ಚಿತ್ರ ನೋಡಲು' ಎಂದೇ ಬರೆದಿದ್ದರು.

ಅವತ್ತು ಮಧ್ಯಾಹ್ನ ಅವರು ಊಟಕ್ಕೆ ಹೋಗಲಿಲ್ಲ. ಮುಂಗೈಯ ತಾರೀಖನ್ನು ಹೆಬ್ಬೆರಳಿನಿಂದ ಉಜ್ಜುತ್ತಾ ಕೂತಿದ್ದರು. ನಾಲ್ಕು ಗಂಟೆಗೆ ಎದ್ದರು.

"ಹಾಳೆ ಹರೀಬಹುದು. ಆಮೇಲೆ ಈ ಪುಟ ಹರೀಬೇಕು, ಆಮೇಲೆ ದಾಖಲೆ ಪುಸ್ತಕದ ಪುಟ. ಒಂದು ತಾರೀಖು ಸುಳ್ಳು ಮಾಡಿದ್ರೆ ಇಲ್ಲಿರೋ ಮಿಕ್ಕ ತಾರೀಖೆಲ್ಲ ಎಂತಕ್ಕಮ್ಮ? ನಾನು ಅವನ ಹತ್ರ ಹೋಗಿ ಹೇಳಿ ಬರ್ತೀನಿ."

ನಾನೂ ಬರುತ್ತೇನೆ ಎಂದೆ. ನಿನಗೆ ಬಸ್ಸಿನ ಹೊತ್ತಾಯಿತು ಎಂದರು. ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ಇಬ್ಬರಿಗೂ ಅದು ಗೊತ್ತಿತ್ತು. ನಾನು ಬ್ಯಾಗು ತೆಗೆದುಕೊಂಡು ಬಸ್ಸಿನ ಕಡೆ ನಡೆದೆ. ಆ ಸಂಜೆ ಬಸ್ಸು ಗ್ಯಾರೇಜಿನ ಮುಂದೆ ಹಾದುಹೋಗುವಾಗ ಕಿಟಕಿಯಿಂದ ನೋಡಿದೆ. ಸರ್ ಒಂದು ಟಯರಿನ ಮೇಲೆ ಕೂತಿದ್ದರು. ಸಾಹೇಬರು ಅವರ ಎದುರು ನಿಂತು, ಕೈ ಒರೆಸುವ ಬಟ್ಟೆಯನ್ನು ಸುಮ್ಮನೆ ಮಡಚುತ್ತಿದ್ದರು. ಮರುದಿನದಿಂದ ನಾನು ಬಸ್ಸಿನ ಆಚೆ ಬದಿಯಲ್ಲಿ ಕೂರತೊಡಗಿದೆ. ಸಾಹೇಬರು ಮತ್ತೆ ಪುಸ್ತಕ ಕೇಳಿಕೊಂಡು ಬಂದ ದಿನಗಳಲ್ಲಿ ನಾನು ಲೈಬ್ರರಿಗೆ ಹೋಗುತ್ತಿರಲಿಲ್ಲ. ಅವರು ಬೈದಿದ್ದರೆ ಸುಲಭವಾಗುತ್ತಿತ್ತೇನೋ. ಸರ್ ಆ ವಿಷಯವನ್ನು ಮತ್ತೆ ಎತ್ತಲೇ ಇಲ್ಲ. ಹದಿನೈದು ದಿನವಾದ ಮೇಲೆ ಹಾಳೆಯನ್ನು ಎಂದಿನಂತೆ ತೆಗೆದು, ಮಡಿಸದೆ, ಸ್ಥಳೀಯ ವಿಷಯಗಳ ಫೈಲಿನಲ್ಲಿ ಇಟ್ಟರು.

ಪದವಿ ಮುಗಿದ ಮೇಲೆ ನಾನು ಗ್ರಂಥಾಲಯ ವಿಜ್ಞಾನ ಓದಿದೆ. ಅರ್ಜಿ ತರಿಸಿಕೊಟ್ಟವರು, ಅಪ್ಪನ ಹತ್ತಿರ ಬಂದು ಮಾತಾಡಿದವರು ಅವರೇ. ಆಮೇಲೆ ಒಂದು ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಕೆಲಸ ಸಿಕ್ಕಿತು. ಸಂಶೋಧಕರಿಗೆ ಪೇಟೆಂಟ್ ಮಾಹಿತಿ ಹುಡುಕಿಕೊಡುವ ವಿಭಾಗ ಹೊಸದಾಗಿ ಶುರುವಾದಾಗ ಆ ಕೆಲಸವನ್ನು ನಾನೇ ಕೇಳಿ ಪಡೆದೆ. ಯಾಕೆ ಎಂದು ಯಾರಿಗೂ ಹೇಳಲಿಲ್ಲ.

ಅಲ್ಲಿ ಮೂರು ವರ್ಷ ಕಳೆದಿರಬೇಕು. ಒಂದು ದಿನ ಸರ್ ಫೋನ್ ಮಾಡಿದರು. ಅಷ್ಟು ಹೊತ್ತಿಗೆ ಸಾಹೇಬರ ಯಂತ್ರ ನಮ್ಮ ಬೆಟ್ಟಗಳಲ್ಲೆಲ್ಲ ಹರಡಿತ್ತು. ಅವರೂ ಮಾಡುತ್ತಿದ್ದರು, ಬಾಳೂರಿನಲ್ಲಿ, ಕಳಸದಲ್ಲಿ ವೆಲ್ಡಿಂಗ್ ಅಂಗಡಿಯವರೂ ನೋಡಿ ಕಲಿತು ಮಾಡುತ್ತಿದ್ದರು. ಸಾಹೇಬರು ಯಾರನ್ನೂ ಬೇಡ ಎಂದಿರಲಿಲ್ಲ, ಮಾರಿದ ಯಂತ್ರಕ್ಕೆ ತಾರೀಖು ಹಾಕಿದ ಬಿಲ್ಲು ಕೊಟ್ಟವರೂ ಅಲ್ಲ. ಈಗ ಬಯಲುಸೀಮೆಯ ಒಂದು ಕಂಪನಿಯ ಪ್ರತಿನಿಧಿ ಗ್ಯಾರೇಜಿಗೆ ಬಂದು, ಈ ಸ್ಪ್ರಿಂಗಿನ ತಗಡು ನಮ್ಮದು, ಪೇಟೆಂಟಿಗೆ ಅರ್ಜಿ ಹಾಕಿದ್ದೇವೆ, ಬಂದ ಮೇಲೆ ನೀವು ಯಾರೂ ಇದನ್ನು ಮಾಡುವಂತಿಲ್ಲ ಎಂದು ಹೇಳಿ ಹೋಗಿದ್ದ. ಸಾಹೇಬರು ಎರಡು ದಿನ ಶೆಡ್ಡಿನ ಬಾಗಿಲು ತೆರೆದಿರಲಿಲ್ಲವಂತೆ.

"ಒಂದು ಅರ್ಜಿ ಹುಡುಕಬೇಕಲ್ಲಮ್ಮ," ಎಂದರು ಸರ್. ಅಷ್ಟೇ ಹೇಳಿದರು.

ಪೇಟೆಂಟ್ ಕಚೇರಿಯ ವಾರಪತ್ರಿಕೆ ಆಗ ಇಂಟರ್ನೆಟ್ಟಿನಲ್ಲಿ ಬರಲು ಶುರುವಾಗಿತ್ತು. ಒಂದೊಂದೇ ಸಂಚಿಕೆ ಇಳಿಸಿಕೊಂಡು ಎರಡು ದಿನ ಹುಡುಕಿದೆ. ಸಿಕ್ಕಿತು. ಉರುಳೆ, ರಬ್ಬರ್ ಪಟ್ಟಿ, ಸ್ಪ್ರಿಂಗಿನ ಆಧಾರದ ಮೇಲೆ ತಾನೇ ಸರಿಯುವ ತಗಡು. ಅರ್ಜಿಯ ತಾರೀಖು ನನ್ನ ಹಾಳೆಗಿಂತ ಏಳು ವರ್ಷ ಈಚಿನದು. ಪೇಟೆಂಟ್ ಕೊಡುವ ಮೊದಲೇ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು ಎಂದು ಕಾನೂನಿಗೆ ತಿದ್ದುಪಡಿಯಾಗಿ ಹೆಚ್ಚು ದಿನವಾಗಿರಲಿಲ್ಲ. ಇಷ್ಟು ವರ್ಷ ನನ್ನನ್ನು ಬಸ್ಸಿನ ಆಚೆ ಬದಿಗೆ ಕೂರಿಸಿದ್ದ ಆ ಹಾಳೆಯೇ ಈಗ ಬೇಕಾಗಿತ್ತು.

ಸರ್‌ಗೆ ಫೋನ್ ಮಾಡಿದೆ. ಅವರು ರಿಸೀವರ್ ಹಿಡಿದುಕೊಂಡೇ ಕಂಪ್ಯೂಟರಿನಲ್ಲಿ ಎರಡು ಪದ ಹೊಡೆದದ್ದು ಕೇಳಿಸಿತು. ಅದು ಆ ಕಾಲೇಜಿನ ಮೂರನೆಯ ಕಂಪ್ಯೂಟರು. ಟಿಫಿನ್ ಡಬ್ಬಿಯ ಫ್ಲಾಪಿಗಳಲ್ಲಿದ್ದದ್ದನ್ನು ಅವರು ಒಂದರಿಂದ ಇನ್ನೊಂದಕ್ಕೆ ಒಂದು ಸಾಲೂ ಬಿಡದೆ ದಾಟಿಸಿದ್ದರು. ಅರ್ಧ ನಿಮಿಷವೂ ಆಗಲಿಲ್ಲ, ನಂಬರು ಓದಿ ಹೇಳಿದರು.

ಸಾಹೇಬರ ಹೆಸರಿನಲ್ಲಿ ಆಕ್ಷೇಪಣೆ ಸಲ್ಲಿಸಿದೆವು. ಅದರ ವಿಚಾರಣೆಗೆ ಮೂವರೂ ಚೆನ್ನೈಗೆ ಹೋದೆವು. ಸಾಹೇಬರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದರು, ಉಗುರಿನ ಸಂದಿಯ ಗ್ರೀಸು ಹೋಗಿರಲಿಲ್ಲ. ನನ್ನನ್ನು ಮೇಡಂ, ನೀವು ಎಂದು ಮಾತಾಡಿಸಿದರು. ನಾನು ರೈಲಿನಲ್ಲಿ ಅವರ ಎದುರು ಕೂತು ಪುಸ್ತಕ ಓದುವವಳಂತೆ ನಟಿಸಿದೆ. ಸರ್ ದಾಖಲೆ ಪುಸ್ತಕವನ್ನೂ ಬಾಗಿಲ ಬಳಿಯ ಪುಸ್ತಕವನ್ನೂ ಪಂಚೆಯಲ್ಲಿ ಸುತ್ತಿ, ದಾರಿಯುದ್ದಕ್ಕೂ ಮಡಿಲಿನಲ್ಲೇ ಇಟ್ಟುಕೊಂಡಿದ್ದರು.

ಕಂಪನಿಯ ಪರವಾಗಿ ಬಂದಿದ್ದವರು ಸೌಮ್ಯವಾಗಿಯೇ ಮಾತಾಡಿದರು. ಸಣ್ಣ ಊರಿನ ಕಾಲೇಜಿನ ಗೋಡೆಗೆ ಅಂಟಿಸಿದ ಕೈಬರಹದ ಹಾಳೆಯನ್ನು ಪ್ರಕಟಣೆ ಎನ್ನುವುದು ಹೇಗೆ? ಇನ್ನು ಸೀಲು. ಅದರ ಪಟ್ಟಿಗಳು ಮುಂದಕ್ಕೆ ತಿರುಗುವ ಹಾಗೆ ಹಿಂದಕ್ಕೂ ತಿರುಗುತ್ತವಲ್ಲ?

ಸರ್ ಎದ್ದು ನಿಂತು, ಪುಸ್ತಕ ಸುತ್ತಿದ್ದ ಪಂಚೆಯ ಗಂಟು ಬಿಚ್ಚಿದರು. ನನ್ನ ಹಾಳೆಯ ನಂಬರಿನ ಹಿಂದಿನ ನಂಬರು ಒಂದು ರಸಾಯನಶಾಸ್ತ್ರದ ಪುಸ್ತಕ, ಮುಂದಿನದು ಒಂದು ನಿಘಂಟು. ಎರಡರ ಬಿಲ್ಲುಗಳನ್ನೂ ತಂದಿದ್ದರು, ಎರಡೂ ಅದೇ ವಾರದವು. ಆಮೇಲೆ ಬಾಗಿಲ ಬಳಿಯ ಪುಸ್ತಕ ತೆರೆದು ಹದಿನಾಲ್ಕು ಸಹಿ ತೋರಿಸಿದರು. ಮಲ್ಲಂದೂರಿನ ಬೆಳೆಗಾರರು ಬರೆದ ಸಾಲನ್ನು ನಾನು ಇಂಗ್ಲಿಷಿಗೆ ಮಾಡಿ ಓದಿದೆ. ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ಕನ್ನಡಕ ತೆಗೆದು ಎರಡೂ ಪುಸ್ತಕಗಳನ್ನು ಹತ್ತಿರ ಎಳೆದುಕೊಂಡರು. ಪುಟ ತಿರುಗಿಸುತ್ತಾ ಹೋದ ಹಾಗೆ ಅವರ ಆಸಕ್ತಿ ಮೊಕದ್ದಮೆಯನ್ನು ದಾಟಿ ಹೋದಂತಿತ್ತು. ಗೊಬ್ಬರದ ಕ್ಯಾಲೆಂಡರು, ನಾಟಕದ ಹ್ಯಾಂಡ್‌ಬಿಲ್ಲುಗಳ ಸಾಲುಗಳನ್ನು ನನ್ನಿಂದ ಓದಿಸಿ, ಒಂದು ಕಾಲೇಜಿನ ಲೈಬ್ರರಿಯವರು ಇಂಥದ್ದಕ್ಕೆಲ್ಲ ಯಾಕೆ ನಂಬರು ಹಾಕಿದಿರಿ ಎಂದು ಕೇಳಿದರು. ಅದು ಆಕ್ಷೇಪದ ಪ್ರಶ್ನೆಯಲ್ಲ, ನಿಜವಾದ ಕುತೂಹಲ. ಸರ್‌ಗೆ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ. ಲೈಬ್ರರಿಗೆ ಬಂದದ್ದು ಸರ್, ಎಂದರು.

ಎರಡು ತಿಂಗಳ ಮೇಲೆ ಆದೇಶ ಬಂತು. ಕಂಪನಿಯ ಅರ್ಜಿ ತಿರಸ್ಕೃತವಾಗಿತ್ತು. ಆ ತಗಡು, ಆ ಸ್ಪ್ರಿಂಗು ಯಾರೊಬ್ಬರದೂ ಅಲ್ಲ, ಯಾರು ಬೇಕಾದರೂ ಮಾಡಬಹುದು. ಸರ್ ಆದೇಶದ ಪ್ರತಿಗೆ ಸೀಲು ಹೊಡೆದು ನನ್ನ ಹಾಳೆಯ ಜೊತೆಗೇ ಇಟ್ಟರು. ಭೌತಶಾಸ್ತ್ರದ ಮೇಷ್ಟ್ರು ಅವತ್ತು ಸ್ಟಾಫ್ ರೂಮಿನಲ್ಲಿ ತಮ್ಮ ಕಾಫಿ ಲೋಟವನ್ನು ತಾವೇ ಸರ್ ಮುಂದೆ ಸರಿಸಿ, "ಹೊಡೀರಿ" ಎಂದರಂತೆ.

ಅದಾದ ಮುಂದಿನ ವರ್ಷ ಅವರು ನಿವೃತ್ತರಾದರು. ಮನೆಗೆ ಹೋಗಿದ್ದಾಗ ಅವರ ಮುಂಗೈ ನೋಡಿದೆ. ಬರಿದಾಗಿತ್ತು. ನಾನು ನೋಡಿದ್ದನ್ನು ಅವರೂ ನೋಡಿ, ಈಗ ತಾರೀಖು ಎಷ್ಟು ಅಂತ ಮನೆಯವರನ್ನ ಕೇಳಬೇಕು ಎಂದು ನಕ್ಕರು. ಆ ಜಾಗದ ಚರ್ಮ ಮಾತ್ರ ಉಳಿದ ಕಡೆಗಿಂತ ತುಸು ಕಪ್ಪಾಗಿತ್ತು. ಮುಂದಿನ ಮಳೆಗಾಲದಲ್ಲಿ ಎದೆನೋವು ಬಂದು, ಆಸ್ಪತ್ರೆಯ ದಾರಿಯಲ್ಲೇ ತೀರಿಕೊಂಡರು. ನನಗೆ ಸುದ್ದಿ ಮುಟ್ಟುವಾಗ ಎಲ್ಲ ಮುಗಿದಿತ್ತು.

ಮೂರನೆಯ ದಿನ ಅವರ ಮನೆಗೆ ಹೋಗಿ, ಅವರ ಹೆಂಡತಿಯ ಹತ್ತಿರ ಕೂತು ಬಂದೆ. ವಾಪಸು ಬರುವ ಬಸ್ಸಿನಿಂದ ಕೊಟ್ಟಿಗೆಹಾರದ ರಸ್ತೆಯಲ್ಲಿ ಇಳಿದೆ. ಗ್ಯಾರೇಜಿನಲ್ಲಿ ಸಾಹೇಬರು ಒಬ್ಬರೇ ಇದ್ದರು. ಸ್ಟೂಲನ್ನು ಒರೆಸಿ ಕೂರಲು ಕೊಟ್ಟರು. ಹೊರಗೆ ಮಳೆ ಹೊಯ್ಯುತ್ತಿತ್ತು. ನಾನು ಹೇಳಬೇಕೆಂದು ಬಂದದ್ದನ್ನು ಹೇಗೆ ಶುರುಮಾಡುವುದೆಂದು ತಿಳಿಯದೆ, ಆ ಹಾಳೆಯ ವಿಷಯದಲ್ಲಿ ನಿಮ್ಮಲ್ಲಿ ಕ್ಷಮೆ ಕೇಳಬೇಕು, ಇಷ್ಟು ವರ್ಷ ಕೇಳಲಿಲ್ಲ ಎಂದೆ.

ಅವರಿಗೆ ಆಶ್ಚರ್ಯವಾಯಿತು. "ನೀವೆಂತಕ್ಕೆ ಕ್ಷಮೆ ಕೇಳ್ತೀರಿ ಮೇಡಂ? ನೀವು ಬೇಡ ಅಂದಿದ್ರಂತಲ್ಲ. ಅರ್ಜಿ ಹೋಗ್ಲಿ, ಆಮೇಲೆ ಅಂಟಿಸುವ ಅಂತ ಹುಡುಗಿ ಹೇಳಿತ್ತು, ನಾನೇ ಅವಳ ಮಾತು ಕೇಳದೆ ಅವಸರ ಮಾಡಿ ಅಂಟಿಸ್ದೆ, ತಪ್ಪು ನಂದು ಅಂತ ಸಾರ್ ಅವತ್ತು ಇಲ್ಲೇ ಕೂತು ಹೇಳಿದ್ದು."

ನಾನು ಸ್ಟೂಲಿನಿಂದ ಎದ್ದು ನಿಂತೆ. ಆಮೇಲೆ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಬೇಡ ಎಂದವರು ಅವರು. ಶುಕ್ರವಾರ ಕೇಳಿ, ಶನಿವಾರ ಮತ್ತೆ ಕೇಳಿ ಅಂಟಿಸಿದವಳು ನಾನು. ಹರಿದುಹಾಕೋಣ ಎಂದವಳೂ ನಾನೇ.

ಸಾಹೇಬರು ಕೇಳುತ್ತಾ ಕೇಳುತ್ತಾ ಕೈ ಒರೆಸುವುದನ್ನು ನಿಲ್ಲಿಸಿದರು. ತಮಗಾದ ನಷ್ಟದ ಕಡೆ ಅವರ ಮನಸ್ಸು ಹೋದಂತೆಯೇ ಕಾಣಲಿಲ್ಲ. ಅವರನ್ನು ತಟ್ಟಿದ್ದು ಬೇರೆಯೇ. ಸರ್ ಅವರ ಸ್ಕೂಟರು ಕೊನೆಯವರೆಗೂ ನಿಲ್ಲುತ್ತಿದ್ದ ಜಾಗವನ್ನು ಒಮ್ಮೆ ನೋಡಿ, ನನ್ನ ಕಡೆ ತಿರುಗಿದರು. ಅವರ ಬಾಯಿಂದ ಮೇಡಂ ಎಂಬುದು ಬಿಟ್ಟುಹೋಗಿತ್ತು.

"ಅಂಥ ಮನುಷ್ಯನ ಕೈಲಿ ಸುಳ್ಳು ಹೇಳ್ಸಿದ್ಯಲ್ಲ ಮಾರಾಯ್ತಿ."

ಬೈಗುಳವಿರಲಿಲ್ಲ ಅದರಲ್ಲಿ. ಅವರ ಕಣ್ಣು ತುಂಬಿತ್ತು, ತುಟಿಯ ಕೊನೆಯಲ್ಲಿ ನಗೆಯೂ ಇತ್ತು. ಆಮೇಲೆ ನನ್ನನ್ನು ಹಿಂದಿನ ಶೆಡ್ಡಿಗೆ ಕರೆದುಕೊಂಡು ಹೋಗಿ, ಮೂಲೆಯ ಗೋಣಿಚೀಲ ಎತ್ತಿ ತೋರಿಸಿದರು. ಮೊದಲ ಯಂತ್ರ ಹಾಗೇ ಇತ್ತು. ಅದರ ತಗಡನ್ನು ಬೆರಳಿನಿಂದ ಒತ್ತಿದೆ. ಹಿಂದೆ ಸರಿಯಿತು, ಬಿಟ್ಟಾಗ ಮುಂದೆ ಬಂತು.

ಒಂದು ತಾರೀಖನ್ನು ಬದಲಿಸಲಾರೆ ಎಂದು ಊಟ ಬಿಟ್ಟು ಕೂತಿದ್ದವರು, ಅದೇ ಸಂಜೆ ನನ್ನ ಬಸ್ಸು ಹಾದುಹೋಗುವುದರೊಳಗೆ, ನನಗಾಗಿ ಹೀಗೊಂದು ತಪ್ಪು ದಾಖಲೆ ಮಾಡಿದ್ದರು. ಅದನ್ನು ಅವರು ತಿದ್ದಲಿಲ್ಲ, ನನಗೂ ತಿಳಿಸಲಿಲ್ಲ. ಅವರು ಕಲಿಸಿದ ಕ್ರಮದಲ್ಲೇ ಇಲ್ಲಿ ತಿದ್ದಿದ್ದೇನೆ. ಅವರು ಹೇಳಿದ್ದನ್ನು ಅಳಿಸಿಲ್ಲ, ಓದಲು ಸಿಗುವಂತೆ ಹಾಗೇ ಬಿಟ್ಟಿದ್ದೇನೆ. ಅದಕ್ಕೊಂದು ಗೆರೆ, ಮೇಲೆ ನಡೆದದ್ದು. ಪಕ್ಕದ ಸಹಿ ನನ್ನದು.